ಕಂಪ್ಯೂಟರಿನೊಳಗೊಂದು ಮೊಬೈಲು: ಎಮ್ಯುಲೇಟರ್ ಕೆಲಸ ಮಾಡುವ ಬಗೆ

ಚೆನ್ನೈನ ಅಣ್ಣಾ ನಗರ್ ತಮಿಳುನಾಡು ಗೃಹ ಮಂಡಳಿಯು ಯೋಜಿಸಿ ಕಟ್ಟಿದ ಬಡಾವಣೆ. 1968ರಲ್ಲಿ ಇಲ್ಲಿ ನಡೆದ ಅಂತರರಾಷ್ಟ್ರೀಯ ವ್ಯಾಪಾರ ಮೇಳಕ್ಕಾಗಿ ಎದ್ದುನಿಂತ, ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಗೋಪುರವು ಇಂದಿಗೂ ಅದರ ಹೆಗ್ಗುರುತಾಗಿದೆ. ಇತ್ತೀಚಿನ ದಶಕಗಳಲ್ಲಿ ಈ ಬಡಾವಣೆಗೆ ನಾಗರಿಕ ಸೇವಾ ಪರೀಕ್ಷೆಗಳ ತರಬೇತಿ ಕೇಂದ್ರಗಳ ನೆಲೆ ಎಂಬ ಇನ್ನೊಂದು ಗುರುತೂ ಸೇರಿಕೊಂಡಿದೆ. ಇಂಥ ತರಬೇತಿಯಲ್ಲಿ ಪಾಠದ ವಿಡಿಯೊ, ದಿನಪತ್ರಿಕೆಯ ಸಾರಾಂಶ, ಅಣಕು ಪರೀಕ್ಷೆ ಮುಂತಾದವುಗಳಲ್ಲಿ ಬಹುಪಾಲು ಈಗ ಮೊಬೈಲ್ ಆ್ಯಪ್‌ಗಳ ಮೂಲಕವೇ ಅಭ್ಯರ್ಥಿಗಳನ್ನು ತಲುಪುತ್ತಿರುವುದರಿಂದ, ಓದುವ ಮೇಜಿನ ಮೇಲೆ ದೊಡ್ಡ ಪರದೆಯ ಕಂಪ್ಯೂಟರ್ ಇದ್ದರೂ ಗಂಟೆಗಟ್ಟಲೆ ಅಂಗೈಯಗಲದ ಪರದೆಯನ್ನೇ ದಿಟ್ಟಿಸಬೇಕಾದ ಸ್ಥಿತಿ ಅನೇಕರದು. ಈ ಸ್ಥಿತಿಗೆ ತಂತ್ರಜ್ಞಾನವು ಒದಗಿಸಿರುವ ಉತ್ತರವೇ ಎಮ್ಯುಲೇಟರ್, ಅಂದರೆ ಒಂದು ಯಂತ್ರದೊಳಗೆ ಬೇರೊಂದು ಯಂತ್ರದ ನಡವಳಿಕೆಯನ್ನು ಯಥಾವತ್ತಾಗಿ ನಿರ್ಮಿಸಿ, ಆ ಇನ್ನೊಂದು ಯಂತ್ರಕ್ಕೆಂದು ಬರೆದ ತಂತ್ರಾಂಶವನ್ನು ಇಲ್ಲಿಯೇ ನಡೆಸುವ ತಂತ್ರಾಂಶ.

ಆಟ ಆಡುವ ಹುಡುಗರ ಹವ್ಯಾಸವೆಂದೋ ಅಡ್ಡದಾರಿಯ ಉಪಾಯವೆಂದೋ ಹಲವರು ಭಾವಿಸಿರುವ ಈ ಉಪಕರಣವು ವಾಸ್ತವದಲ್ಲಿ ಗಣಕ ವಿಜ್ಞಾನದ ಮೂಲ ಕಲ್ಪನೆಗಳಲ್ಲಿ ಒಂದರ ನೇರ ಫಲವಾಗಿದೆ. ಒಂದು ಸೇವೆಯು ಫೋನಿಗೆ ಮಾತ್ರ ಸೀಮಿತವಾಗಿರುವುದು ಯಂತ್ರದ ಸ್ವಭಾವದಿಂದಲೋ ಅಥವಾ ಆ ಸೇವೆಯನ್ನು ರೂಪಿಸಿದವರ ತೀರ್ಮಾನದಿಂದಲೋ ಎಂಬ ಮುಖ್ಯವಾದ ಪ್ರಶ್ನೆಗೆ ಉತ್ತರ ಸಿಗುವುದೂ ಎಮ್ಯುಲೇಟರಿನ ಕಾರ್ಯವಿಧಾನವನ್ನು ಅರಿತಾಗಲೇ.

ಆ್ಯಪ್ ನೇರವಾಗಿ ಏಕೆ ನಡೆಯುವುದಿಲ್ಲ

ಪ್ರತಿಯೊಂದು ಪ್ರೊಸೆಸರ್, ಅಂದರೆ ಲೆಕ್ಕಾಚಾರ ನಡೆಸುವ ಮುಖ್ಯ ಚಿಪ್, ತನಗೆ ಅರ್ಥವಾಗುವ ಆದೇಶಗಳ ಒಂದು ನಿಶ್ಚಿತ ಪಟ್ಟಿಯನ್ನು ಹೊಂದಿರುತ್ತದೆ. ಈ ಪಟ್ಟಿಯನ್ನು ಆದೇಶಗಣ ಎನ್ನಬಹುದು. ಮನೆ ಮತ್ತು ಕಚೇರಿಗಳ ಹೆಚ್ಚಿನ ಕಂಪ್ಯೂಟರುಗಳಲ್ಲಿರುವ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳು ಎಕ್ಸ್86 ಎಂಬ ಆದೇಶಗಣವನ್ನು ಅನುಸರಿಸಿದರೆ, ಬಹುತೇಕ ಎಲ್ಲ ಮೊಬೈಲ್ ಫೋನುಗಳ ಚಿಪ್‌ಗಳು ಆರ್ಮ್ ಎಂಬ ಆದೇಶಗಣವನ್ನು ಅನುಸರಿಸುತ್ತವೆ. ಕೂಡಿಸು, ಕಳೆ, ಹೋಲಿಸು ಎಂಬ ಕೆಲಸಗಳು ಎರಡರಲ್ಲೂ ಇವೆಯಾದರೂ, ಅವನ್ನು ಸೂಚಿಸುವ ಅಂಕಿಗಳ ವಿನ್ಯಾಸವು ಪೂರ್ಣವಾಗಿ ಬೇರೆಯಾದುದರಿಂದ ಒಂದಕ್ಕೆ ಬರೆದ ಆದೇಶಮಾಲೆಯು ಇನ್ನೊಂದಕ್ಕೆ ಅರ್ಥಹೀನವಾಗಿಬಿಡುತ್ತದೆ.

ಇದಕ್ಕಿಂತ ಮೇಲಿನ ಸ್ತರದಲ್ಲಿ ಕಾರ್ಯಾಚರಣ ವ್ಯವಸ್ಥೆಯ ಭೇದವಿದೆ. ಕಡತವನ್ನು ತೆರೆಯಲು, ಪರದೆಯ ಮೇಲೆ ಚಿತ್ರ ಮೂಡಿಸಲು, ಅಂತರ್ಜಾಲವನ್ನು ತಲುಪಲು ಪ್ರತಿಯೊಂದು ಆ್ಯಪ್ ತನ್ನ ವ್ಯವಸ್ಥೆಯ ನೆರವನ್ನು ಕೋರಬೇಕಾಗಿದ್ದು, ಆಂಡ್ರಾಯ್ಡ್‌ಗಾಗಿ ಸಿದ್ಧವಾದ ಆ್ಯಪ್ ಕೋರುವ ನೆರವು ವಿಂಡೋಸ್‌ನಲ್ಲಿ ಆ ರೂಪದಲ್ಲಿ ದೊರೆಯುವುದಿಲ್ಲ. ಎಪಿಕೆ ಎಂದು ಕರೆಯಲಾಗುವ ಆಂಡ್ರಾಯ್ಡ್ ಆ್ಯಪ್‌ನ ಕಟ್ಟಿನೊಳಗೆ ಎರಡು ಬಗೆಯ ಆದೇಶಗಳಿರಬಹುದು. ಜಾವಾ ಅಥವಾ ಕಾಟ್ಲಿನ್ ಭಾಷೆಯಲ್ಲಿ ಬರೆದ ಭಾಗವು ಬೈಟ್‌ಕೋಡ್ ಎಂಬ, ಯಾವುದೇ ನಿರ್ದಿಷ್ಟ ಚಿಪ್‌ಗೆ ಕಟ್ಟುಬೀಳದ ಮಧ್ಯಂತರ ರೂಪದಲ್ಲಿರುತ್ತದೆ. ಅದನ್ನು ಆಯಾ ಫೋನಿನ ಚಿಪ್‌ಗೆ ಹೊಂದಿಸಿ ನಡೆಸುವ ಹೊಣೆಯನ್ನು ಮೊದಲು ಡಾಲ್ವಿಕ್ ಎಂಬ ತಂತ್ರಾಂಶ ಹೊತ್ತಿದ್ದು, 2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಆರ್ಟ್ ಎಂಬ ತಂತ್ರಾಂಶ ಹೊತ್ತಿದೆ. ಆಟಗಳು, ವಿಡಿಯೊ ಸಂಸ್ಕರಣೆ ಮುಂತಾಗಿ ವೇಗವೇ ಮುಖ್ಯವಾದ ಕಡೆಗಳಲ್ಲಿ ಮಾತ್ರ ಎರಡನೆಯ ಬಗೆಯ, ನೇರವಾಗಿ ಆರ್ಮ್ ಚಿಪ್‌ಗೆಂದೇ ತಯಾರಾದ ಆದೇಶಗಳು ಇರುತ್ತವೆ. ಮೊದಲ ಬಗೆಯನ್ನು ಕಂಪ್ಯೂಟರಿಗೆ ತರುವುದು ಸುಲಭವಾದರೆ, ಕಷ್ಟವೆಲ್ಲ ಈ ಎರಡನೆಯ ಬಗೆಯದು.

ಒಂದು ಯಂತ್ರ ಇನ್ನೊಂದಾಗುವ ಬಗೆ

ಸೂಕ್ತ ವಿವರಣೆಯನ್ನು ಕೊಟ್ಟರೆ ಒಂದೇ ಯಂತ್ರವು ಬೇರೆ ಯಾವ ಗಣನಯಂತ್ರದ ಕೆಲಸವನ್ನಾದರೂ ಮಾಡಬಲ್ಲದೆಂಬ ತತ್ತ್ವವನ್ನು ಇಂಗ್ಲೆಂಡಿನ ಗಣಿತಜ್ಞ ಅಲನ್ ಟ್ಯೂರಿಂಗ್ 1936ರ ತಮ್ಮ ಪ್ರಬಂಧದಲ್ಲಿ ಸ್ಥಾಪಿಸಿದರು. ಗಣಿತದ ಈ ಮಾತು ವಾಣಿಜ್ಯದ ಅಗತ್ಯವಾಗಿ ಎದುರಾದದ್ದು 1964ರಲ್ಲಿ, ಐಬಿಎಂ ಸಂಸ್ಥೆಯು ಸಿಸ್ಟಂ/360 ಎಂಬ ಹೊಸ ಕಂಪ್ಯೂಟರ್ ಶ್ರೇಣಿಯನ್ನು ಘೋಷಿಸಿದಾಗ. ತನ್ನ ಹಳೆಯ 1401 ಮಾದರಿಗೆ ಗ್ರಾಹಕರು ಬರೆಸಿಕೊಂಡಿದ್ದ ತಂತ್ರಾಂಶಗಳು ವ್ಯರ್ಥವಾದರೆ ಅವರು ಹೊಸ ಯಂತ್ರವನ್ನು ಕೊಳ್ಳಲಾರರೆಂದು ಅರಿತ ಸಂಸ್ಥೆಯು ಹಳೆಯ ಆದೇಶಗಳನ್ನು ಹೊಸ ಯಂತ್ರವೇ ಪಾಲಿಸುವಂತೆ ವ್ಯವಸ್ಥೆ ಮಾಡಿತು. ಎಮ್ಯುಲೇಟರ್ ಎಂಬ ಹೆಸರು ಇಂದಿನ ಅರ್ಥದಲ್ಲಿ ಬಳಕೆಗೆ ಬಂದದ್ದೂ ಆ ಸಂಸ್ಥೆಯಲ್ಲಿಯೇ.

ಇಂದಿನ ಎಮ್ಯುಲೇಟರುಗಳ ಹಿಂದಿರುವ ಪ್ರಮುಖ ವಿಧಾನವನ್ನು ಗತಿಶೀಲ ಅನುವಾದ ಎನ್ನಬಹುದು. ತಮಿಳಿನ ಒಂದು ಆದೇಶಪತ್ರವನ್ನು ಕನ್ನಡಿಗನೊಬ್ಬನಿಗೆ ವಾಕ್ಯವಾಕ್ಯವಾಗಿ ಹೇಳುತ್ತ ಹೋಗುವ ದುಭಾಷಿಯು ಅದೇ ವಾಕ್ಯ ನೂರು ಬಾರಿ ಬಂದರೆ ನೂರು ಬಾರಿಯೂ ಹೊಸದಾಗಿ ಅನುವಾದಿಸಿದಲ್ಲಿ ಕೆಲಸ ನಿಧಾನವಾಗುತ್ತದೆ. ಒಮ್ಮೆ ಅನುವಾದಿಸಿದ್ದನ್ನು ಬರೆದಿಟ್ಟುಕೊಂಡು ಮುಂದಿನ ಬಾರಿ ಅದನ್ನೇ ಓದಿದಲ್ಲಿ ವೇಗ ಹೆಚ್ಚುತ್ತದೆ. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ಎಂಬ ಮುಕ್ತ ತಂತ್ರಾಂಶವು ಈ ಎರಡನೆಯ ಹಾದಿಯನ್ನೇ ಹಿಡಿದು, ಅನ್ಯ ಚಿಪ್‌ನ ಆದೇಶಗಳನ್ನು ಚಿಕ್ಕ ಚಿಕ್ಕ ತುಂಡುಗಳಾಗಿ ತೆಗೆದುಕೊಂಡು, ಸ್ಥಳೀಯ ಚಿಪ್‌ನ ಆದೇಶಗಳಾಗಿ ಬದಲಿಸಿ, ಆ ಫಲಿತಾಂಶವನ್ನು ನೆನಪಿನಲ್ಲಿ ಉಳಿಸಿಕೊಂಡು ಮರುಬಳಸುತ್ತದೆ. ಆಂಡ್ರಾಯ್ಡ್‌ನ ಅಧಿಕೃತ ಎಮ್ಯುಲೇಟರ್ ಸಿದ್ಧವಾಗಿರುವುದು ಈ ತಂತ್ರಾಂಶದ ತಳಹದಿಯ ಮೇಲೆಯೇ.

ಅನುವಾದ ಎಷ್ಟೇ ಚುರುಕಾದರೂ ಅದಕ್ಕೊಂದು ವೆಚ್ಚವಿದೆ. ಆದ್ದರಿಂದ ಅನುವಾದವನ್ನೇ ತಪ್ಪಿಸುವ ಇನ್ನೊಂದು ಮಾರ್ಗ ಬೆಳೆಯಿತು. ಆಂಡ್ರಾಯ್ಡ್ ಮುಕ್ತ ತಂತ್ರಾಂಶವಾಗಿರುವುದರಿಂದ ಅದನ್ನು ಎಕ್ಸ್86 ಚಿಪ್‌ಗೆ ಹೊಂದುವಂತೆ ಸಿದ್ಧಪಡಿಸುವುದು ಸಾಧ್ಯವಿದ್ದು, 2009ರಲ್ಲಿ ಆರಂಭವಾದ ಆಂಡ್ರಾಯ್ಡ್-ಎಕ್ಸ್86 ಯೋಜನೆಯು ಅದನ್ನು ಮಾಡಿ ತೋರಿಸಿತು. ಹೀಗೆ ಸಿದ್ಧವಾದ ಆಂಡ್ರಾಯ್ಡ್ ಅನ್ನು ವಿಂಡೋಸ್‌ನ ಪಕ್ಕದಲ್ಲಿಯೇ ಒಂದು ಪ್ರತ್ಯೇಕ ಆವರಣದಲ್ಲಿ ನಡೆಸುವುದಕ್ಕೆ ವರ್ಚುವಲೈಸೇಶನ್ ಎನ್ನುತ್ತಾರೆ. ಒಂದೇ ಚಿಪ್ ಎರಡು ವ್ಯವಸ್ಥೆಗಳಿಗೆ ತಾನು ಪೂರ್ಣವಾಗಿ ಆಯಾ ವ್ಯವಸ್ಥೆಯದೇ ಎಂಬಂತೆ ವರ್ತಿಸಲು ಅನುವು ಮಾಡಿಕೊಡುವ ಈ ಸೌಲಭ್ಯವನ್ನು ಇಂಟೆಲ್ 2005ರಲ್ಲಿಯೂ ಎಎಂಡಿ 2006ರಲ್ಲಿಯೂ ತಮ್ಮ ಚಿಪ್‌ಗಳೊಳಗೇ ಅಳವಡಿಸಿದವು, ಮತ್ತು 2007ರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯು ಕೆವಿಎಂ ಎಂಬ ಅಂಗದ ಮೂಲಕ ಅದನ್ನು ತನ್ನದಾಗಿಸಿಕೊಂಡಿತು. ಇಂದು ಜನರು ಎಮ್ಯುಲೇಟರ್ ಎಂದು ಕರೆಯುವ ಹೆಚ್ಚಿನ ತಂತ್ರಾಂಶಗಳು ಈ ಎರಡು ವಿಧಾನಗಳ ಬೆರಕೆಯಾಗಿದ್ದು, ಆಂಡ್ರಾಯ್ಡ್ ವ್ಯವಸ್ಥೆಯು ಅನುವಾದವಿಲ್ಲದೆ ನೇರವಾಗಿ ನಡೆದರೆ, ಆ್ಯಪ್‌ನೊಳಗಿನ ಆರ್ಮ್ ಭಾಗಗಳು ಮಾತ್ರ ಅನುವಾದಗೊಂಡು ನಡೆಯುತ್ತವೆ.

ಆದೇಶಗಳ ಪ್ರಶ್ನೆ ಬಗೆಹರಿದ ಮೇಲೂ ಫೋನಿನ ಅಂಗಾಂಗಗಳ ಪ್ರಶ್ನೆ ಉಳಿಯುತ್ತದೆ. ಬೆರಳಿನ ಸ್ಪರ್ಶವನ್ನು ಮೌಸಿನ ಒತ್ತಾಗಿ, ಎರಡು ಬೆರಳುಗಳ ಚಲನೆಯನ್ನು ಕೀಲಿಮಣೆಯ ಸಂಯೋಜನೆಯಾಗಿ ಬದಲಿಸಬೇಕು. ಆಂಡ್ರಾಯ್ಡ್‌ನ ಚಿತ್ರರಚನೆಯ ಕೋರಿಕೆಗಳನ್ನು ಕಂಪ್ಯೂಟರಿನ ಗ್ರಾಫಿಕ್ಸ್ ಚಿಪ್‌ಗೆ ಅರ್ಥವಾಗುವಂತೆ ತಿರುಗಿಸಬೇಕು. ಜಿಪಿಎಸ್, ದಿಕ್ಸೂಚಿ, ಫೋನಿನ ಓರೆಯನ್ನು ಅಳೆಯುವ ಸಂವೇದಕ ಇವೆಲ್ಲಕ್ಕೂ ಕಲ್ಪಿತ ಅಂಕಿಗಳನ್ನು ಒದಗಿಸಬೇಕು. ಎಮ್ಯುಲೇಟರಿನ ಗುಣಮಟ್ಟವನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಣ್ಣಿಗೆ ಕಾಣದ ಈ ಜೋಡಣೆಗಳೇ.

ಫೋನಿಗಿಂತ ಮೊದಲು ಬಂದ ಎಮ್ಯುಲೇಟರ್

ಎಮ್ಯುಲೇಟರ್ ಎಂದರೆ ಫೋನಿನ ನಂತರ ಬಂದ ನಕಲು ಎಂಬ ಗ್ರಹಿಕೆಯನ್ನು ಆಂಡ್ರಾಯ್ಡ್‌ನ ಇತಿಹಾಸವೇ ತಿದ್ದುತ್ತದೆ. ಗೂಗಲ್ 2007ರ ನವೆಂಬರಿನಲ್ಲಿ ಆ್ಯಪ್ ತಯಾರಕರಿಗಾಗಿ ಬಿಡುಗಡೆ ಮಾಡಿದ ಉಪಕರಣಗಳ ಕಟ್ಟಿನಲ್ಲಿ ಎಮ್ಯುಲೇಟರ್ ಸೇರಿತ್ತು. ಮೊದಲ ಆಂಡ್ರಾಯ್ಡ್ ಫೋನ್ ಮಾರುಕಟ್ಟೆಗೆ ಬಂದದ್ದು 2008ರ ಅಕ್ಟೋಬರಿನಲ್ಲಿ. ನಡುವಿನ ಸುಮಾರು ಒಂದು ವರ್ಷದಲ್ಲಿ ಹೊರಗಿನ ತಯಾರಕರು ಬರೆದ ಆ್ಯಪ್‌ಗಳ ಪರೀಕ್ಷೆಗೆ ಒದಗಿದ್ದು ಕಂಪ್ಯೂಟರಿನೊಳಗಿನ ಈ ಕಲ್ಪಿತ ಫೋನು.

ಸಾಮಾನ್ಯ ಬಳಕೆದಾರರಿಗಾಗಿ ಇದೇ ತಂತ್ರವನ್ನು ಸರಳಗೊಳಿಸಿದವರಲ್ಲಿ ರೋಸನ್ ಶರ್ಮಾ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ಬ್ಲೂಸ್ಟ್ಯಾಕ್ಸ್ ಮೊದಲಿಗರ ಸಾಲಿನಲ್ಲಿದ್ದು, 2011ರಲ್ಲಿ ಅದರ ಪ್ರಾಯೋಗಿಕ ಆವೃತ್ತಿ ಹೊರಬಂದಿತು. ಬಳಿಕ ನಾಕ್ಸ್, ಎಲ್‌ಡಿ ಪ್ಲೇಯರ್, ಮೆಮು ಮುಂತಾದವು ಸೇರಿಕೊಂಡವು. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 11ರೊಳಗೇ ಆಂಡ್ರಾಯ್ಡ್ ಆ್ಯಪ್‌ಗಳನ್ನು ನಡೆಸುವ ವ್ಯವಸ್ಥೆಯನ್ನು 2021ರಲ್ಲಿ ಘೋಷಿಸಿ, 2025ರ ಮಾರ್ಚ್ 5ರಂದು ಅದಕ್ಕೆ ನೀಡುತ್ತಿದ್ದ ಬೆಂಬಲವನ್ನು ಕೊನೆಗೊಳಿಸಿತು. ಗೂಗಲ್ ತಾನೇ 2022ರಲ್ಲಿ ಪ್ಲೇ ಗೇಮ್ಸ್ ಎಂಬ ಹೆಸರಿನಲ್ಲಿ ಆಯ್ದ ಆಟಗಳನ್ನು ಕಂಪ್ಯೂಟರಿಗೆ ತರುವ ಪ್ರಯೋಗವನ್ನು ಆರಂಭಿಸಿತು. ಲಿನಕ್ಸ್ ಬಳಸುವವರಿಗೆ ವೇಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶವಿದ್ದು, ಅದು ಬೇರೊಂದು ಯಂತ್ರವನ್ನು ಕಲ್ಪಿಸುವ ಬದಲು ಲಿನಕ್ಸ್‌ನ ತಿರುಳನ್ನೇ ಹಂಚಿಕೊಂಡು, ಕಂಟೈನರ್ ಎಂಬ ಪ್ರತ್ಯೇಕ ಕೋಶದಲ್ಲಿ ಆಂಡ್ರಾಯ್ಡ್ ಅನ್ನು ನಡೆಸುವುದರಿಂದ ಹಗುರವಾಗಿರುತ್ತದೆ.

ಆ್ಯಪಲ್ ಸಂಸ್ಥೆಯ ಕಥೆ ಬೇರೆಯಾಗಿದ್ದರೂ ವಿಷಯವನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಆ ಸಂಸ್ಥೆಯು 2020ರ ನವೆಂಬರಿನಲ್ಲಿ ಎಂ1 ಚಿಪ್‌ನ ಕಂಪ್ಯೂಟರುಗಳನ್ನು ಹೊರತಂದಾಗ, ಅವುಗಳ ಆದೇಶಗಣ ಐಫೋನಿನದೇ ಆದ ಆರ್ಮ್ ಆಗಿದ್ದುದರಿಂದ ಐಫೋನ್ ಆ್ಯಪ್‌ಗಳು ಯಾವ ಎಮ್ಯುಲೇಟರಿನ ನೆರವೂ ಇಲ್ಲದೆ ಅವುಗಳಲ್ಲಿ ನಡೆಯತೊಡಗಿದವು. ಆದರೆ ತಮ್ಮ ಆ್ಯಪ್ ಕಂಪ್ಯೂಟರಿನಲ್ಲಿ ದೊರೆಯಬಾರದೆಂದು ಸೂಚಿಸುವ ಅವಕಾಶವನ್ನು ಸಂಸ್ಥೆಯು ತಯಾರಕರಿಗೆ ಕೊಟ್ಟಿದ್ದು, ಅನೇಕರು ಅದನ್ನು ಬಳಸಿಕೊಂಡರು. ತಾಂತ್ರಿಕ ಅಡ್ಡಿಯೇ ಇಲ್ಲದ ಕಡೆಯಲ್ಲೂ ಬಾಗಿಲು ಮುಚ್ಚಿರಬಲ್ಲದು ಎಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನ ಬೇಕಿಲ್ಲ.

ಚೆನ್ನೈ ನಗರದ ನಂಟು

ಎಮ್ಯುಲೇಟರಿನ ಗಂಭೀರ ಪ್ರಯೋಜನಗಳನ್ನು ನೋಡಬಯಸುವವರಿಗೆ ಅಣ್ಣಾ ನಗರ್ ಇರುವ ಊರಿನಲ್ಲಿಯೇ ಉದಾಹರಣೆಗಳಿವೆ. ಚೆನ್ನೈನ ಐಐಟಿ ಮದ್ರಾಸ್‌ನಲ್ಲಿ ಪ್ರೊ. ವಿ. ಕಾಮಕೋಟಿಯವರ ನೇತೃತ್ವದ ತಂಡವು ರೂಪಿಸಿದ ಶಕ್ತಿ ಪ್ರೊಸೆಸರುಗಳು ಆರ್ಮ್ ಅಥವಾ ಎಕ್ಸ್86 ಅಲ್ಲದ, ರಿಸ್ಕ್-ಫೈವ್ ಎಂಬ ಮುಕ್ತ ಆದೇಶಗಣವನ್ನು ಅನುಸರಿಸುತ್ತವೆ. 2018ರಲ್ಲಿ ಇವುಗಳ ಒಂದು ಮಾದರಿ ಇಂಟೆಲ್‌ನ ಅಮೆರಿಕದ ಕಾರ್ಖಾನೆಯಲ್ಲಿಯೂ ಇನ್ನೊಂದು ಚಂಡೀಗಢದ ಬಳಿಯ ಸೆಮಿಕಂಡಕ್ಟರ್ ಪ್ರಯೋಗಾಲಯದಲ್ಲಿಯೂ ಚಿಪ್ ರೂಪ ತಳೆದವು. ಹೊಸ ಆದೇಶಗಣದ ಚಿಪ್‌ಗೆ ಮೊದಲ ದಿನದಿಂದಲೇ ತಂತ್ರಾಂಶ ಬೇಕಾಗುತ್ತದೆ, ತಂತ್ರಾಂಶ ಬರೆಯುವವರಿಗೋ ಪರೀಕ್ಷಿಸಲು ಚಿಪ್ ಬೇಕಾಗುತ್ತದೆ. ಪರಸ್ಪರ ಕಾಯುವ ಈ ಬಿಕ್ಕಟ್ಟನ್ನು ಬಿಡಿಸುವ ಸಾಧನಗಳಲ್ಲಿ ಎಮ್ಯುಲೇಟರ್ ಮುಖ್ಯವಾದುದು. ಕ್ಯೂಎಮು ರಿಸ್ಕ್-ಫೈವ್ ಆದೇಶಗಳನ್ನೂ ಅನುಸರಿಸಬಲ್ಲುದಾದ್ದರಿಂದ, ಅಂಥ ಚಿಪ್ ಕೈಗೆ ಸಿಗುವ ಮೊದಲೇ ಅದಕ್ಕೆ ತಂತ್ರಾಂಶವನ್ನು ಸಾಮಾನ್ಯ ಕಂಪ್ಯೂಟರಿನಲ್ಲಿ ಬರೆದು ಪರೀಕ್ಷಿಸಬಹುದು.

ಎರಡನೆಯ ಉದಾಹರಣೆ ವಿದ್ಯಾರ್ಥಿಗಳ ಮನೆಗಳಿಗೆ ಬಂದ ಕಂಪ್ಯೂಟರುಗಳದು. ತಮಿಳುನಾಡು ಸರ್ಕಾರವು 2011ರ ಸೆಪ್ಟೆಂಬರಿನಲ್ಲಿ ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ವಿತರಿಸುವ ಯೋಜನೆಯನ್ನು ಆರಂಭಿಸಿದ ಮೇಲೆ ಲಕ್ಷಾಂತರ ಮನೆಗಳಿಗೆ ಮೊದಲ ಬಾರಿ ಕಂಪ್ಯೂಟರ್ ಬಂದಿತು. ಆ ನಂತರದ ವರ್ಷಗಳಲ್ಲಿ ಕಲಿಕೆಯ ಸಾಮಗ್ರಿಯು ಕಂಪ್ಯೂಟರಿನಿಂದ ಮೊಬೈಲ್ ಆ್ಯಪ್‌ಗಳತ್ತ ಸರಿಯಿತೆಂಬುದನ್ನು ಗಮನಿಸಿದರೆ, ಸಾರ್ವಜನಿಕ ಹಣದಿಂದ ಮನೆ ತಲುಪಿದ ಯಂತ್ರವನ್ನು ಹೊಸ ಸಾಮಗ್ರಿಗೆ ತೆರೆದಿಡುವ ಮಾರ್ಗವಾಗಿ ಎಮ್ಯುಲೇಟರಿಗೆ ಎಷ್ಟು ಮಹತ್ತ್ವವಿದೆ ಎಂಬುದು ತಿಳಿಯುತ್ತದೆ.

ಕನ್ನಡದ ಮಟ್ಟಿಗೆ ಇನ್ನೂ ಒಂದು ಉಪಯೋಗವನ್ನು ಇಲ್ಲಿ ಹೇಳಬೇಕು. ಆಂಡ್ರಾಯ್ಡ್ ತಾನು ಬೆಂಬಲಿಸುವ ಭಾಷೆಗಳಿಗೆ ಕನ್ನಡ, ತೆಲುಗು, ಮಲಯಾಳಂಗಳನ್ನು ಸೇರಿಸಿದ್ದು 2012ರ 4.1 ಆವೃತ್ತಿಯಲ್ಲಿ, ಅದಕ್ಕೂ ಹಿಂದಿನ ಫೋನುಗಳಲ್ಲಿ ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳು ಚದುರಿ ಕಾಣುತ್ತಿದ್ದುದು ಅನೇಕ ಓದುಗರ ನೆನಪಿನಲ್ಲಿರಬಹುದು. ಕನ್ನಡದ ಆ್ಯಪ್ ತಯಾರಿಸುವ ಚಿಕ್ಕ ತಂಡವೊಂದು ಹತ್ತಾರು ಫೋನುಗಳನ್ನು ಕೊಳ್ಳಲಾರದು, ಆದರೆ ಎಮ್ಯುಲೇಟರಿನಲ್ಲಿ ಬೇರೆ ಬೇರೆ ಆವೃತ್ತಿಗಳನ್ನೂ ಪರದೆಯ ಅಳತೆಗಳನ್ನೂ ಆಯ್ದು, ತನ್ನ ಅಕ್ಷರಗಳು ಎಲ್ಲ ಕಡೆಯೂ ಸರಿಯಾಗಿ ಮೂಡುತ್ತವೆಯೇ ಎಂದು ಖರ್ಚಿಲ್ಲದೆ ಪರೀಕ್ಷಿಸಬಲ್ಲುದು.

ಬಳಸುವವರು ತಿಳಿದಿರಬೇಕಾದದ್ದು

ಎಮ್ಯುಲೇಟರ್ ನಡೆಸುವ ಕಂಪ್ಯೂಟರ್ ಏಕಕಾಲಕ್ಕೆ ಎರಡು ವ್ಯವಸ್ಥೆಗಳನ್ನು ಹೊರಬೇಕಾಗುತ್ತದೆ. ಬ್ಲೂಸ್ಟ್ಯಾಕ್ಸ್ 5 ಕನಿಷ್ಠ 4 ಜಿಬಿ ರ್‍ಯಾಮ್, ಅಂದರೆ ತಾತ್ಕಾಲಿಕ ಸ್ಮರಣಶಕ್ತಿ, ಮತ್ತು ಡಿಸ್ಕಿನಲ್ಲಿ 5 ಜಿಬಿ ಜಾಗವನ್ನು ಕೇಳುತ್ತದೆ. ಇದು ಕನಿಷ್ಠ ಮಿತಿಯಷ್ಟೇ ಆಗಿದ್ದು, ನೆಮ್ಮದಿಯ ಬಳಕೆಗೆ 8 ಜಿಬಿ ರ್‍ಯಾಮ್ ಮತ್ತು ತಿರುಗುವ ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಇದ್ದರೆ ಒಳಿತು. ಎಮ್ಯುಲೇಟರ್ ನಿಧಾನವಾಗಿದೆ ಎಂಬ ದೂರಿನ ಸಾಮಾನ್ಯ ಕಾರಣವೆಂದರೆ ಚಿಪ್‌ನಲ್ಲಿರುವ ವರ್ಚುವಲೈಸೇಶನ್ ಸೌಲಭ್ಯವು ಚಾಲನೆಯಲ್ಲಿ ಇಲ್ಲದಿರುವುದು. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದ ಸಿಪಿಯು ಪುಟವನ್ನು ನೋಡಿದರೆ ಈ ಸೌಲಭ್ಯದ ಸ್ಥಿತಿ ತಿಳಿಯುತ್ತದೆ. ಅದು ನಿಷ್ಕ್ರಿಯವಾಗಿದ್ದಲ್ಲಿ ಕಂಪ್ಯೂಟರ್ ಆರಂಭವಾಗುವಾಗ ಕಾಣುವ ಬಯೋಸ್ ಅಥವಾ ಯುಇಎಫ್‌ಐ ಪುಟದಲ್ಲಿ ಅದನ್ನು ಸಕ್ರಿಯಗೊಳಿಸಬಹುದು.

ತಂತ್ರಾಂಶವನ್ನು ಎಲ್ಲಿಂದ ಪಡೆಯಲಾಯಿತು ಎಂಬುದು ವೇಗಕ್ಕಿಂತ ಮುಖ್ಯವಾದ ಸಂಗತಿ. ಎಮ್ಯುಲೇಟರಿನೊಳಗೆ ಬಳಕೆದಾರರು ತಮ್ಮ ಗೂಗಲ್ ಖಾತೆಯ ಗುಪ್ತಪದವನ್ನು ನಮೂದಿಸುವುದರಿಂದ, ತಯಾರಕರ ಅಧಿಕೃತ ತಾಣವನ್ನು ಬಿಟ್ಟು ಬೇರೆಡೆಯಿಂದ ಇಳಿಸಿಕೊಂಡ ಪ್ರತಿಯು ಅಪಾಯಕ್ಕೆ ದಾರಿಯಾದೀತು. ಅಧಿಕೃತ ಮೂಲವೂ ಸಂಪೂರ್ಣ ಅಭಯವಲ್ಲ ಎಂಬುದಕ್ಕೆ ನಾಕ್ಸ್ ಪ್ಲೇಯರಿನ ಪ್ರಕರಣ ಸಾಕ್ಷಿಯಾಗಿದೆ. ಆ ತಂತ್ರಾಂಶಕ್ಕೆ ಹೊಸ ಆವೃತ್ತಿಗಳನ್ನು ತಲುಪಿಸುವ ವ್ಯವಸ್ಥೆಯೊಳಗೆ ನುಸುಳಿದ ದಾಳಿಕೋರರು ಏಷ್ಯಾದ ಕೆಲವು ಬಳಕೆದಾರರನ್ನು ಆಯ್ದು ಅವರ ಕಂಪ್ಯೂಟರುಗಳಿಗೆ ಗೂಢಚಾರಿ ತಂತ್ರಾಂಶವನ್ನು ಕಳುಹಿಸಿದ್ದನ್ನು ಈಸೆಟ್ ಎಂಬ ಭದ್ರತಾ ಸಂಸ್ಥೆಯು 2021ರ ಫೆಬ್ರುವರಿಯಲ್ಲಿ ಬಹಿರಂಗಪಡಿಸಿತು. ಆದ್ದರಿಂದ ಎಮ್ಯುಲೇಟರಿಗೆ ಮುಖ್ಯ ಖಾತೆಯನ್ನು ಜೋಡಿಸದೆ ಪ್ರತ್ಯೇಕವಾದ ಖಾತೆಯೊಂದನ್ನು ಬಳಸುವುದು ವಿವೇಕದ ಕ್ರಮ.

ವಿಶ್ವಾಸದ ಗಡಿ

ಎಮ್ಯುಲೇಟರಿನಲ್ಲಿ ಎಲ್ಲ ಆ್ಯಪ್‌ಗಳೂ ನಡೆಯುವುದಿಲ್ಲ, ಮತ್ತು ಇದಕ್ಕೆ ಹಲವು ಕಡೆ ಸಮರ್ಥನೀಯವಾದ ಕಾರಣಗಳಿವೆ. ಯುಪಿಐ ಪಾವತಿಯ ಆ್ಯಪ್ ಮೊದಲ ಬಾರಿಗೆ ಆರಂಭವಾದಾಗ ಆ ಫೋನಿನ ಸಿಮ್ ಕಾರ್ಡಿನಿಂದಲೇ ಒಂದು ಎಸ್‌ಎಂಎಸ್ ಕಳುಹಿಸಿ, ಬ್ಯಾಂಕ್ ಖಾತೆಯ ಮೊಬೈಲ್ ಸಂಖ್ಯೆಯೂ ಕೈಯಲ್ಲಿರುವ ಸಾಧನವೂ ಒಂದಕ್ಕೊಂದು ಸೇರಿದವೆಂದು ಖಚಿತಪಡಿಸಿಕೊಳ್ಳುತ್ತದೆ. ಸಿಮ್ ಇಲ್ಲದ ಎಮ್ಯುಲೇಟರಿನಲ್ಲಿ ಈ ಹಂತವೇ ಪೂರ್ಣಗೊಳ್ಳುವುದಿಲ್ಲ. ಇದಲ್ಲದೆ ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್‌ನ ಸೇವೆಯು, ಆ್ಯಪ್ ನಡೆಯುತ್ತಿರುವ ಸಾಧನ ಪ್ರಮಾಣಿತವಾದುದೇ ಎಂಬ ಮಾಹಿತಿಯನ್ನು ಆ್ಯಪ್ ತಯಾರಕರಿಗೆ ಒದಗಿಸುತ್ತದೆ. ಹಣದ ವ್ಯವಹಾರದಲ್ಲಿ ಇಂಥ ಕಟ್ಟುನಿಟ್ಟು ಬಳಕೆದಾರರ ರಕ್ಷಣೆಗಾಗಿಯೇ ಇರುವುದರಿಂದ ಅದನ್ನು ಮೀರುವ ಉಪಾಯಗಳನ್ನು ಹುಡುಕುವುದು ತಕ್ಕುದಲ್ಲ.

ಪಾಠದ ವಿಡಿಯೊಗಳ ವಿಷಯದಲ್ಲಿ ಕಾರಣ ಬೇರೆ. ಪರದೆಯ ಚಿತ್ರವನ್ನು ಸೆರೆಹಿಡಿಯದಂತೆ ಆ್ಯಪ್ ಫೋನಿಗೆ ಸೂಚಿಸಬಲ್ಲುದಾದರೂ, ಎಮ್ಯುಲೇಟರಿನ ಹೊರಗಿರುವ ಕಂಪ್ಯೂಟರಿನ ಮೇಲೆ ಅದಕ್ಕೆ ಹಿಡಿತವಿಲ್ಲದಿರುವುದರಿಂದ, ಪಾಠಗಳು ನಕಲಾಗುತ್ತವೆಂಬ ಆತಂಕ ತಯಾರಕರಿಗಿರುತ್ತದೆ. ಸ್ಪರ್ಧಾತ್ಮಕ ಆಟಗಳಲ್ಲಿ ಕೀಲಿಮಣೆ ಮತ್ತು ಮೌಸ್ ಹಿಡಿದವರಿಗೆ ಬೆರಳಿನಲ್ಲಿ ಆಡುವವರಿಗಿಂತ ಹೆಚ್ಚಿನ ಅನುಕೂಲ ದೊರೆಯುವುದರಿಂದ, 2018ರಲ್ಲಿಯೇ ಪಬ್‌ಜಿ ಮೊಬೈಲ್ ಎಮ್ಯುಲೇಟರ್ ಆಟಗಾರರನ್ನು ಪ್ರತ್ಯೇಕ ಗುಂಪಿನಲ್ಲಿ ಆಡಿಸತೊಡಗಿತು. ಸಂಪೂರ್ಣ ನಿಷೇಧಕ್ಕೆ ಹೋಗದೆ ಎರಡೂ ಬಗೆಯ ಬಳಕೆದಾರರಿಗೆ ನ್ಯಾಯ ಒದಗಿಸಿದ ಈ ಕ್ರಮವನ್ನು ಇತರ ಕ್ಷೇತ್ರಗಳೂ ಗಮನಿಸಬಹುದು.

ಸೇವೆಗೆ ಹಲವು ಬಾಗಿಲುಗಳಿರಲಿ

ಹಣದ ಭದ್ರತೆ, ಕೃತಿಸ್ವಾಮ್ಯ, ಆಟದ ನ್ಯಾಯ ಎಂಬ ಈ ಕಾರಣಗಳನ್ನು ಬದಿಗಿರಿಸಿದರೆ, ಮೊಬೈಲ್ ಆ್ಯಪ್‌ನಲ್ಲಿ ಮಾತ್ರ ದೊರೆಯುವ ದೊಡ್ಡ ಸಂಖ್ಯೆಯ ಸೇವೆಗಳಿಗೆ ಅಂಥ ಯಾವ ಬಲವಾದ ಸಮರ್ಥನೆಯೂ ಉಳಿಯುವುದಿಲ್ಲ. ಪಠ್ಯವನ್ನು ಓದುವುದು, ಅರ್ಜಿ ತುಂಬುವುದು, ವೇಳಾಪಟ್ಟಿ ನೋಡುವುದು, ಅಭ್ಯಾಸದ ಪ್ರಶ್ನೆಗಳಿಗೆ ಉತ್ತರಿಸುವುದು ಇವೆಲ್ಲ ಬ್ರೌಸರಿನಲ್ಲಿಯೂ ಸರಾಗವಾಗಿ ನಡೆಯಬಲ್ಲ ಕೆಲಸಗಳು. ಕೇಂದ್ರ ಸರ್ಕಾರದ ಡಿಜಿಲಾಕರ್ ಮತ್ತು 2017ರ ನವೆಂಬರಿನಲ್ಲಿ ಆರಂಭವಾದ ಉಮಂಗ್ ಎರಡೂ ಆ್ಯಪ್ ರೂಪದಲ್ಲಿಯೂ ಜಾಲತಾಣದ ರೂಪದಲ್ಲಿಯೂ ಇರುವುದರಿಂದ, ಇಷ್ಟು ದೊಡ್ಡ ಪ್ರಮಾಣದ ಸೇವೆಯನ್ನೂ ಎರಡು ದಾರಿಗಳಲ್ಲಿ ಒದಗಿಸುವುದು ಸಾಧ್ಯವೆಂಬುದು ಸಿದ್ಧವಾಗಿದೆ.

ಚಿಕ್ಕ ಪರದೆಯ ಅಕ್ಷರಗಳನ್ನು ಓದಲಾರದ ಹಿರಿಯರಿಗೆ, ಕೈ ನಡುಗುವುದರಿಂದ ಸ್ಪರ್ಶಪರದೆಯನ್ನು ಬಳಸಲಾರದವರಿಗೆ, ದೃಷ್ಟಿದೋಷವಿರುವವರಿಗೆ, ಮನೆಯ ಒಂದೇ ಫೋನು ದುಡಿಯಲು ಹೋದವರ ಜೇಬಿನಲ್ಲಿರುವ ಕುಟುಂಬಗಳ ಮಕ್ಕಳಿಗೆ ಈ ಎರಡನೆಯ ದಾರಿಯೇ ಸೇವೆಯನ್ನು ನಿಜವಾಗಿ ತೆರೆಯುತ್ತದೆ. ಅದು ಇಲ್ಲದ ಕಡೆಗಳಲ್ಲಿ ಎಮ್ಯುಲೇಟರ್ ಆಸರೆಯಾಗುತ್ತದೆ ನಿಜ, ಆದರೆ ಸಾಕಷ್ಟು ರ್‍ಯಾಮ್ ಇರುವ ಕಂಪ್ಯೂಟರನ್ನೂ ಬಯೋಸ್ ಪುಟವನ್ನು ತೆರೆಯುವ ಧೈರ್ಯವನ್ನೂ ಬಯಸುವ ಉಪಕರಣವನ್ನು ನಾಗರಿಕರ ಹಕ್ಕಿಗೆ ಬದಲಿಯೆಂದು ಭಾವಿಸಲಾಗದು. ಸುಮಾರು ಒಂಬತ್ತು ದಶಕಗಳ ಹಿಂದೆಯೇ ಗಣಿತವು ಯಂತ್ರಗಳ ನಡುವಿನ ಗೋಡೆ ದಾಟಬಹುದಾದುದೆಂದು ತೋರಿಸಿರುವಾಗ, ಉಳಿದಿರುವ ಗೋಡೆಗಳಿಗೆ ಉತ್ತರಿಸಬೇಕಾದವರು ಅವನ್ನು ಕಟ್ಟಿದವರೇ. ಸರ್ಕಾರದ ಇಲಾಖೆಯಾಗಲಿ, ವಿಶ್ವವಿದ್ಯಾಲಯವಾಗಲಿ, ತರಬೇತಿ ಕೇಂದ್ರವಾಗಲಿ, ಹೊಸ ಆ್ಯಪ್ ಒಂದನ್ನು ಪ್ರಕಟಿಸುವ ಮುನ್ನ ಅದೇ ಸೇವೆ ಕಂಪ್ಯೂಟರಿನಲ್ಲಿ ಏಕೆ ದೊರೆಯಬಾರದು ಎಂಬ ಪ್ರಶ್ನೆಯನ್ನು ಕೇಳಿಕೊಂಡು, ತಕ್ಕ ಕಾರಣವಿಲ್ಲವೆಂದಾದರೆ ಎರಡೂ ದಾರಿಗಳನ್ನು ತೆರೆಯಬೇಕು. ಕಾರಣವಿದ್ದಲ್ಲಿ ಅದನ್ನು ಬಳಕೆದಾರರಿಗೆ ಸ್ಪಷ್ಟವಾಗಿ ತಿಳಿಸಬೇಕು.